ಚಕ್ರದ ಬುಡದ ನಿಂಬೆಹಣ್ಣು

“ಆ ರಿವರ್ಸ್ ಹಾರನ್ ವೈರ್ ಕಿತ್ತಾಕು ಅಂತ ನಿನ್ನೇನೇ ಹೇಳಿದ್ನಲ್ಲೋ, ಬೋಳಿಮಗ್ನೆ. ಅಮ್ಮ ಪೂಜೆಗೆ ಕೂತ್ರೆ ಕೀಂ ಕೀಂ ಅಂತ ತಲೆ ತಿನ್ನುತ್ತೆ.”

ಮಾಲೀಕ ರೇವಂತ್ ಜೆಸಿಬಿಯ ಚಕ್ರಕ್ಕೆ ಒದ್ದ. ಅನ್ನಪೂರ್ಣೇಶ್ವರಿ ನಗರದ ಈ ಸೈಟಿಗೆ ಅಂಟಿಕೊಂಡೇ ಅವನ ಮನೆ. ಅವನ ತಾಯಿ ವಿಮಲಮ್ಮ ದೇವರ ಮುಂದೆ ಕೂತರೆ ನಾವು ಕೆಮ್ಮಬೇಕಾದರೂ ಬಾಯಿಗೆ ಸೆರಗು ಒತ್ತಿಕೊಳ್ಳಬೇಕು.

“ರಿವರ್ಸ್ ಬರೋದು ಹಿಂದೆ ಇರೋರ್ಗೆ ಗೊತ್ತಾಗಲ್ಲ ಸಾರ್,” ಎಂದ ಡ್ರೈವರ್ ವೆಂಕಟೇಶ್.

“ಸೀಟಿ ಊದಕ್ಕೆ ಈ ಮುಂಡೆ ಇದಾಳಲ್ಲ.”

ಆ ಮುಂಡೆ ನಾನು, ಅಕ್ಕಯ್ಯಮ್ಮ. ಗಾಡಿ ಹಿಂದಕ್ಕೆ ಬರುವಾಗ ಸೀಟಿ ಊದಿ ಜನರನ್ನು ಸರಿಸುವುದು ನನ್ನ ಕೆಲಸ. ವೆಂಕಟೇಶ್ ವೈರು ಕಿತ್ತ. ಗಂಟೆ ಕಳೆಯುವುದರೊಳಗೆ ರೇವಂತ್ ನನ್ನ ಕಡೆ ತಿರುಗಿದ. “ಗೊಂಬೆ ಥರ ಏನ್ ನಿಂತಿದೀಯ? ಇಟ್ಟಿಗೆ ಹೊರು ಹೋಗು.”

ಹೊತ್ತೆ. ಇವತ್ತಿಗೂ ನನ್ನ ಹೊಟ್ಟೆ ಸುಡುವುದು ಅದೇ.

ಇಟ್ಟಿಗೆ ನನ್ನ ತಲೆಯ ಮೇಲಿತ್ತು. ತಂಗಿ ಸುವರ್ಣಾ ಕಂಬದ ಬುಡದಲ್ಲಿ ಬಗ್ಗಿ ಮಣ್ಣು ತುಂಬುತ್ತಿದ್ದಳು. ಇಂಜಿನ್ ಸದ್ದು ದಿನವಿಡೀ ಇದ್ದದ್ದೇ. ಗಾಡಿ ಮುಂದೆ ಹೋಗುತ್ತಿದೆಯೋ ಹಿಂದೆ ಬರುತ್ತಿದೆಯೋ ಅದರಲ್ಲಿ ತಿಳಿಯುವುದಿಲ್ಲ. ಹಿಂಬದಿಯ ಕಬ್ಬಿಣದ ತೋಳು ಅವಳನ್ನು ಕಂಬಕ್ಕೆ ಒತ್ತಿತು. ಎದೆಗೂಡು ಮುರಿದದ್ದು ನನಗೆ ಕೇಳಿಸಿತು. ಎತ್ತಿ ತಬ್ಬಿಕೊಂಡಾಗ ಅವಳ ಬಾಯಿಂದ ಉಕ್ಕಿದ ರಕ್ತ ನನ್ನ ಕೊರಳಿನ ಸೀಟಿಯ ಮೇಲೆಲ್ಲ ಹರಿಯಿತು.

“ಕಣ್ಣೇನು ತಿಕದಲ್ಲಿತ್ತಾ ಇವಳಿಗೆ?” ಎಂದ ರೇವಂತ್. ಕಾಲು ಜಾರಿ ಗುಂಡಿಗೆ ಬಿದ್ದಳು ಎಂದು ಪೊಲೀಸರು ಬರೆದುಕೊಂಡು ಹೋದರು.

ಮೂರನೆಯ ದಿನ ಶಾಂತಿ ಮಾಡಿಸಿದರು, ಗಾಡಿಗೆ. ನನ್ನ ತಂಗಿಯ ರಕ್ತ ತೊಳೆದ ಜಾಗಕ್ಕೆ ಕುಂಕುಮ ಬಳಿದು, ಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದರು.

“ಗಾಡಿಗೆ ದೃಷ್ಟಿಯಾಗಿದೆ,” ಎಂದರು ಪುರೋಹಿತರು. “ಸೂತಕದವರು ಆ ಕಡೆ ಹೋಗಮ್ಮ, ನೆರಳು ಬೀಳುತ್ತೆ.”

ಗಾಡಿಯ ಮೂತಿ ಗೋಡೆಗಿತ್ತು. ಹಿಂದಕ್ಕೇ ತೆಗೆಯಬೇಕು. ಅದಕ್ಕೆ ನಾಲ್ಕು ಚಕ್ರಗಳ ಹಿಂದೆ ನಾಲ್ಕು ನಿಂಬೆಹಣ್ಣು ಇಟ್ಟರು.

“ಹಾರನ್ನು?” ಎಂದೆ.

“ಶಾಂತಿನೇ ಆಯ್ತಲ್ಲೇ, ಇನ್ಯಾವ ಹಾರನ್ನು? ಹತ್ತೋ ವೆಂಕಟೇಶ,” ಎಂದ ರೇವಂತ್.

ನಾನು ಹೋಗಿ ದೊಡ್ಡ ಚಕ್ರದ ಬುಡದ ನಿಂಬೆಹಣ್ಣು ತೆಗೆದು ಚರಂಡಿಗೆ ಎಸೆದೆ. ಅದರ ಜಾಗದಲ್ಲಿ ಕೂತೆ.

“ಹಾರನ್ ಕೂಗೋವರ್ಗೂ ಏಳಲ್ಲ. ಹತ್ತಿಸ್ಕೊಂಡು ಹೋಗಿ.”

ರೇವಂತ್ ಕಂಬಿಯ ತುಂಡಿನಿಂದ ಹೊಡೆದ. ಮೊದಲ ಏಟು ಭುಜಕ್ಕೆ, ಎಲುಬು ಲಟಕ್ಕೆಂದಿತು. ಎರಡನೆಯದು ಕಿವಿಯ ಮೇಲೆ. ಒಣಗಿದ ರಕ್ತದ ಸೀಟಿಯನ್ನು ಬಾಯಿಗಿಟ್ಟು ಊದಿದೆ. ಹೊಡೆದಷ್ಟೂ ಊದಿದೆ. ಮಣ್ಣು ಹೊರುತ್ತಿದ್ದ ಹೆಂಗಸರು ಬಾಂಡಲಿ ಇಳಿಸಿದರು. ಒಬ್ಬಳು ಬಂದು ಪಕ್ಕದ ಚಕ್ರದ ನಿಂಬೆಹಣ್ಣನ್ನು ಒದ್ದು ಕೂತಳು. ಆಮೇಲೆ ಇನ್ನಿಬ್ಬರು.

“ಹಿಂದಕ್ಕೆ ತಗೊಳೋ, ಏಳ್ತಾರೆ ಸೂಳೇರು,” ಎಂದ ರೇವಂತ್.

ವೆಂಕಟೇಶ್ ಸೀಟಿನಿಂದ ಇಳಿದ. ಕಿತ್ತ ವೈರಿನ ತುದಿಗಳನ್ನು ಹಲ್ಲಿನಿಂದ ಸುಲಿದು ಹೊಸೆದ. ಮತ್ತೆ ಹತ್ತಿ, ಬ್ರೇಕು ತುಳಿದು ರಿವರ್ಸ್ ಗೇರು ಹಾಕಿದ. ಹಾರನ್ ಕೂಗಿಕೊಂಡಿತು. ಪಕ್ಕದ ಮನೆಯಲ್ಲಿ ಪೂಜೆಯ ಗಂಟೆ ನಿಂತಿತು.

“ಅಮ್ಮ ಕೂತಿದಾರೆ, ಆಫ್ ಮಾಡೋ,” ಎನ್ನುತ್ತ ರೇವಂತ್ ಕಂಬಿ ಎತ್ತಿಕೊಂಡು ಅವನ ಕಡೆ ಓಡಿದ.

ವೆಂಕಟೇಶ್ ಬ್ರೇಕಿನಿಂದ ಕಾಲು ತೆಗೆಯಲಿಲ್ಲ, ಗೇರಿನಿಂದ ಕೈಯನ್ನೂ ತೆಗೆಯಲಿಲ್ಲ. ಹಾರನ್ ಕೂಗುತ್ತಲೇ ಇತ್ತು.