ಕೇಳಿ ಬಡಿಸುವ ದೊಡ್ಡಪ್ಪ

ದೊಡ್ಡಪ್ಪನವರು ನಡೆಯುವುದನ್ನು ನೋಡಿದರೆ, ಅವರ ಎಡ ಅಂಗೈಯ ಮೇಲೆ ಕಣ್ಣಿಗೆ ಕಾಣದ ತಟ್ಟೆಯೊಂದು ಸದಾ ಕೂತಿದೆಯೆನ್ನಿಸುತ್ತಿತ್ತು. ಸೊಂಟದಿಂದ ಮೇಲಿನ ದೇಹ ಕಿಂಚಿತ್ತೂ ಅಲುಗದೆ ಪಾದಗಳಷ್ಟೇ ಸರಸರನೆ ಸಾಗುವ ಆ ನಡಿಗೆ, ದೊಡ್ಡ ಹೋಟೆಲೊಂದರಲ್ಲಿ ಮೂವತ್ತೆಂಟು ವರ್ಷ ಸಪ್ಲೈಯರ್ ಆಗಿ ದುಡಿದುದರ ಗಳಿಕೆ. ನಿವೃತ್ತಿಯ ದಿನ ಸಿಕ್ಕ ಗಡಿಯಾರವನ್ನು ಅಳಿಯನಿಗೆ ದಾಟಿಸಿ, ಮೊಣಕೈಯಲ್ಲಿ ಸವೆದು ಹೊಳಪೇರಿದ ಕರಿಯ ಕೋಟನ್ನು ಮಾತ್ರ ಉಳಿಸಿಕೊಂಡರು. ಆ ಕೋಟು ತೊಟ್ಟೇ ಅವರು, ಹಳೆಯ ಮುದ್ರಣಾಲಯದ ಕಟ್ಟಡದಲ್ಲಿದ್ದ ಉಚಿತ ಊಟದಮನೆಯಲ್ಲಿ, ಸೂರಿಲ್ಲದವರಿಗೂ ಒಲೆ ಹೊತ್ತಿಸಲಾಗದವರಿಗೂ ಮಧ್ಯಾಹ್ನದ ಊಟ ಬಡಿಸುತ್ತಿದ್ದರು. ಅಲ್ಲಿ ಅವರು ಯಾರಿಗೂ ಸಂಬಂಧದಲ್ಲಿ ದೊಡ್ಡಪ್ಪನಲ್ಲ. ಅಡುಗೆಯವಳು ಹಾಗೆ ಕರೆದಳು, ಉಳಿದವರೂ ಕರೆದರು.

ಹಟ ಒಂದಿತ್ತು. ಬಂದವರಾರೂ ತಟ್ಟೆ ಹಿಡಿದು ನಿಲ್ಲಕೂಡದು. ಕುರ್ಚಿ ಎಳೆದು ಕೂರಿಸಿ, ನೀರಿಟ್ಟು, ತುಸು ಬಾಗಿ, "ಅನ್ನ ತರ್ಲಾ, ಬ್ರೆಡ್ ತರ್ಲಾ?" ಎಂದು ಕೇಳಿಯೇ ಬಡಿಸಬೇಕು. ಅದೂ ಅವರೇ ಬಡಿಸಬೇಕು. ಬೇರೆಯವರ ಕೈಗೆ ಬಟ್ಟಲು ಕೊಡುವ ಮಾತೇ ಇಲ್ಲ. ಒಮ್ಮೆ ಅನ್ನ ತಳಹಿಡಿದು, ಬ್ರೆಡ್ಡೂ ಬಾರದೆ, ಸೂಪೊಂದೇ ಉಳಿದಾಗ, ಈಗೇನು ಕೇಳುತ್ತಾರೋ ನೋಡೋಣವೆಂದು ಅಡುಗೆಯವಳು ಬಾಗಿಲ ಮರೆಯಲ್ಲಿ ನಗು ಅದುಮಿಕೊಂಡು ನಿಂತಳು. ದೊಡ್ಡಪ್ಪನವರು ಎಂದಿನಂತೆ ಮೊದಲ ಮೇಜಿಗೆ ಬಾಗಿದರು: "ಸೂಪ್ ಬಿಸಿಬಿಸಿ ತರ್ಲಾ, ಸ್ವಲ್ಪ ಆರಿಸಿ ತರ್ಲಾ?"

ಚಳಿ ಬಿದ್ದಮೇಲೆ ಬರುವವರು ಇಮ್ಮಡಿಯಾದರು. ಅವರಲ್ಲಿ ಹಲವರು ಸರದಿ ಬರುವ ಮೊದಲೇ ಹೊತ್ತು ಮೀರಿ, ಬರಿಹೊಟ್ಟೆಯಲ್ಲಿ ಹಿಂದಿರುಗತೊಡಗಿದರು. ಊಟದಮನೆಯ ಕಾರ್ಯದರ್ಶಿ ಕೆಟ್ಟವನಲ್ಲ, ಅವಸರದ ಮನುಷ್ಯ. ಬಾಗಿಲಿಗೆ ಅಡ್ಡಲಾಗಿ ಮೇಜು ಹಾಕಿಸಿದ.

"ಸಾಲಲ್ಲಿ ನಿಲ್ಲಿಸಿ ಹಾಕ್ಬಿಡಿ ದೊಡ್ಡಪ್ಪ. ಹಸಿದೋರಿಗೆ ಊಟ ಮುಖ್ಯ, ನಿಮ್ಮ ಕುರ್ಚಿ ಅಲ್ಲ."

ಮಾತು ಸುಳ್ಳಾಗಿರಲಿಲ್ಲ, ಅದಕ್ಕೇ ಅದು ಅವರಿಗೆ ನಾಟಿತು. ಎರಡು ದಿನ ಯಾರನ್ನೂ ಏನೂ ಕೇಳದೆ, ತಲೆ ತಗ್ಗಿಸಿ, ಚಾಚಿದ ತಟ್ಟೆಗಳಿಗೆಲ್ಲ ಸೌಟಾಡಿಸಿದರು. ಯಾರೂ ಹಸಿದು ಹೋಗಲಿಲ್ಲವೆಂದು ಕಾರ್ಯದರ್ಶಿ ಹಿಗ್ಗಿದ.

ಮೂರನೆಯ ದಿನ ತಲೆಯೆತ್ತಿದಾಗ, ಎದುರಿನ ಮುಚ್ಚಿದ ಅಂಗಡಿಯ ಗೋಡೆಗೆ ಒರಗಿ ನಿಂತಿದ್ದ ಮುದುಕಿ ಕಂಡಳು. ಹಿಂದೆ ದರ್ಜಿಯಾಗಿದ್ದವಳು; ದಿನವೂ ಕಿಟಕಿ ಪಕ್ಕದ ಮೇಜಿಗೆ ಬರುತ್ತಿದ್ದವಳು. ಎರಡು ದಿನದಿಂದ ಆಕೆ ಬಂದೇ ಇಲ್ಲವೆಂದು ಆಗ ಹೊಳೆದು, ಅವರಿಗೆ ತಮ್ಮ ಮೇಲೆಯೇ ನಾಚಿಕೆಯಾಯಿತು. ಸೌಟನ್ನು ಕಾರ್ಯದರ್ಶಿಯ ಕೈಗಿಟ್ಟು ರಸ್ತೆ ದಾಟಿದರು.

"ಊಟ ಆಯ್ತಾ ಅಮ್ಮ?"

"ಹಸಿವಿಲ್ಲ," ಎಂದಳು. ಆಮೇಲೆ, "ಸಾಲು ಆ ಮೂಲೆವರೆಗೂ ಬರತ್ತೆ. ಅಲ್ಲಿರೋ ಮನೆಯೋರಿಗೆಲ್ಲ ನಾನೇ ಬಟ್ಟೆ ಹೊಲಿದುಕೊಟ್ಟಿರೋದು," ಎಂದಳು.

"ಬನ್ನಿ. ನಿಮ್ಮ ಮೇಜು ಖಾಲಿ ಇದೆ."

ಆಕೆಯನ್ನು ಕರೆತಂದು, ಅಡ್ಡ ಮೇಜನ್ನು ಪಕ್ಕಕ್ಕೆ ನೂಕಿ, ನಿಂತವರನ್ನೆಲ್ಲ ಒಳಗೆ ಕರೆದರು. ಕುರ್ಚಿ ಮುಗಿದಮೇಲೆ ಮುದ್ರಣಾಲಯದ ಹಳೆಯ ಮರದ ಪೆಟ್ಟಿಗೆಗಳು ಬಂದವು. ಆಮೇಲೆ, ಹೋಟೆಲಿನ ಮೂವತ್ತೆಂಟು ವರ್ಷಗಳಲ್ಲೂ ಒಮ್ಮೆಯೂ ಆಡದ ಮಾತನ್ನು ಆಡಿದರು. "ನನ್ನೊಬ್ಬನ ಕೈಲಿ ಆಗಲ್ಲ. ಯಾರಾದ್ರೂ ನಾಲ್ಕು ಜನ ಬನ್ನಿ."

ಆರು ಜನ ಎದ್ದರು. "ಎಡಗಡೆಯಿಂದ ಬಡಿಸ್ಬೇಕು. ಕೇಳಿ ಬಡಿಸ್ಬೇಕು," ಎಂದಷ್ಟೇ ಪಾಠ. ಮೂಟೆ ಹೊರುವ ಆಳೊಬ್ಬ ಕಿಟಕಿಯ ಮೇಜಿಗೆ ಹೋಗಿ, ಬಾಗಿ, ಅನ್ನವೋ ಬ್ರೆಡ್ಡೋ ಎಂದು ಕೇಳಿದ. ಮುದುಕಿ ಬಹಳ ಹೊತ್ತು ಯೋಚಿಸಿದಳು, ಆತ ಕಾದ. ಅಂದು ಎಲ್ಲರೂ ಉಂಡರು, ಕಾರ್ಯದರ್ಶಿಯೂ ಪೆಟ್ಟಿಗೆಯ ಮೇಲೆ ಕೂತು ಉಂಡ.

ಇಂಥವರಿಗೆ ದಾನಿಯೆಂಬ ಬಿರುದು ಒಗ್ಗುವುದಿಲ್ಲ. ಹಾಗೆ ಕರೆದರೆ ಮುಖ ಸಿಂಡರಿಸಿಯಾರು. ತಮ್ಮ ಕಸುಬಿನ ಮರ್ಯಾದೆಯನ್ನು ದುಡ್ಡು ಕೊಟ್ಟವರಿಗಷ್ಟೇ ಮೀಸಲಿಡಲಾರದವರು ಅವರು. ಅವರಲ್ಲಿ ಹಮ್ಮಿರುತ್ತದೆ, ಮೊಂಡುತನವಿರುತ್ತದೆ, ಅದರಿಂದ ಒಮ್ಮೊಮ್ಮೆ ಪರರು ಹಸಿದಿರಬೇಕಾಗಿಯೂ ಬರುತ್ತದೆ. ಆದರೂ, ಉಂಡವರನ್ನು ಕಂಡು ನಾವೆಲ್ಲ ತೃಪ್ತರಾಗಿ ಕೈತೊಳೆಯುವ ಹೊತ್ತಿಗೆ, ಬಾರದೆ ಉಳಿದ ಒಬ್ಬರಿಗಾಗಿ ರಸ್ತೆ ದಾಟುತ್ತಿರುವವರು ಅವರೇ.