ದಿನಕ್ಕೆ ಹನ್ನೊಂದು ಬೋಣಿ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಇನ್ನು ಮೇಲೆ ನಾನು ತಿನ್ನುವ ಆಲೂಗಡ್ಡೆಯೆಲ್ಲ ಕಲ್ಲಾಗಲಿ.

ಅರೆಕಿಪಾ ಎಂಬ ಊರಿನ ಮಾರುಕಟ್ಟೆಯಲ್ಲಿ ನಿಯೆವೆಸ್‌ಗೆ ಅಮ್ಮನಿಂದ ಬಂದ ಆಲೂಗಡ್ಡೆ ಮಳಿಗೆ ಇತ್ತು. ಆ ಸಾಲಿನ ಹೆಂಗಸರು ಮೊದಲ ಗಿರಾಕಿಯ ಕಾಸನ್ನು ಹಣೆಗೊತ್ತಿ ಶಿಲುಬೆ ಗುರುತು ಹಾಕಿಕೊಳ್ಳದೆ ದಿನ ಶುರುಮಾಡುವುದಿಲ್ಲ. ಬೋಣಿ ಮಾಡಿಕೊಡು ಎಂದು ಕೇಳಿದವರಿಗೆ ಇಲ್ಲ ಎನ್ನುವುದು ಅಲ್ಲಿ ಕೊಲೆಗಿಂತ ತುಸು ಚಿಕ್ಕ ಪಾಪ.

ಇದು ಫೋನಿನೊಳಗಿನ ಅಂಗಡಿಗೆ ಹೇಗೆ ಗೊತ್ತಾಯಿತೋ! ಒಂದು ಬೆಳಿಗ್ಗೆ ಹೆಣ್ಣುದನಿಯಲ್ಲಿ ಮಾತಾಡಿತು: “ಅಕ್ಕಾ, ಇವತ್ತಿಗೆ ನೀನೇ ಮೊದಲ್ನೋಳು. ಬೋಣಿ ಮಾಡ್ಕೊಟ್ಟು ಹೋಗೇ.”

ನಿಯೆವೆಸ್ ಬಾಚಣಿಗೆ ಕೊಂಡಳು. ಅರ್ಧ ಗಂಟೆಗೆ ಮತ್ತೆ ಅದೇ ಕರೆ.

“ಆಗ್ಲೇ ತಗೊಂಡ್ನಲ್ಲೇ?”

“ಅದು ಬಾಚಣಿಗೆ ಅಂಗಡಿ ಅಕ್ಕಾ. ಇದು ಚಮಚದ್ದು. ಈಗ್ತಾನೇ ಬಾಗಿಲು ತೆಗ್ದೆ.”

ಹೀಗೆ ದಿನಕ್ಕೆ ಹನ್ನೊಂದು. ನಾಯಿಗೆ ಮಳೆಯಂಗಿ ಬಂತು, ನಾಯಿ ಇರಲಿಲ್ಲ. ಜೂನ್ ಹೊತ್ತಿಗೆ ಡಬ್ಬಗಳು ಮಾರುಕಟ್ಟೆಯ ಸೂರು ಮುಟ್ಟಿ, ಪಾರಿವಾಳಗಳು ಸಂಸಾರ ಸಮೇತ ಇಗರ್ಜಿಗೆ ಹೋದವು. ಉಳಿದದ್ದು ಒಂದೇ ಮೂಟೆ ಆಲೂಗಡ್ಡೆ. ಅದರ ಮೇಲೆ ನಿಯೆವೆಸ್ ಕೂತಿದ್ದಳು. ಗಿರಾಕಿ ಬಂದರೆ ಫೋನು ಬಿಟ್ಟು ಏಳಬೇಕಿತ್ತು, ಏಳುತ್ತಿರಲಿಲ್ಲ.

ಪಕ್ಕದಲ್ಲಿ ಮೆಣಸಿನಕಾಯಿ ಮಾರುವ ಬಸಿಲಿಯಾ ತನ್ನ ಫೋನು ತಂದು ತೋರಿಸಿದಳು. “ನೋಡೇ, ನಂಗೂ ನೀನೇ ಮೊದಲ್ನೋಳು ಅಂತೈತೆ. ಇಬ್ರೂ ಹೆಂಗೇ ಮೊದಲ್ನೋರಾಗ್ತೀವಿ?”

“ನೀನು ತಗೊಂಡ್ಯಾ?”

“ನಾನ್ಯಾಕೆ ತಗೊಳ್ಲಿ?”

“ಥೂ, ಕಟುಕಿ! ಅದಕ್ಕೇ ಅಳ್ತಾ ನನ್ನ ಹತ್ರ ಬರತ್ತೆ.”

ಮೂರು ತಿಂಗಳು ವ್ಯಾಪಾರ ಮಾಡದ ಮಳಿಗೆಯನ್ನು ಬೇರೆಯವರಿಗೆ ಕೊಡುವುದು ವರ್ತಕರ ಸಂಘದ ಕಟ್ಟಳೆ. ಗಡುವು ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ. ಅವತ್ತು ಸಂಘದ ಕಾರ್ಯದರ್ಶಿ ಬೀಗ ಹಿಡಿದು ಬಂದು ನಿಂತ. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಅವಳ ಗಂಡ ಎಲೆಯುತೇರಿಯೊ ಬಸ್ ನಿಲ್ದಾಣದಿಂದ ಒಬ್ಬ ಹೆಂಗಸನ್ನು ಕೈಕಾಲು ಹಿಡಿದು ಕರೆತಂದ.

“ಒಂದೇ ಒಂದು ಕಿಲೋ ಮಾರು ಮಾರಾಯ್ತಿ. ನಿಮ್ಮಮ್ಮ ಕೂತಿದ್ದ ಜಾಗ ಕಣೇ. ಇದೂ ಹೋದ್ರೆ ತಿನ್ನೋದೇನು, ಚಮಚಾನಾ?”

ನಿಯೆವೆಸ್ ಎದ್ದಳು. ಮೂಟೆ ಬಿಚ್ಚಿದಳು. ತಕ್ಕಡಿಗೆ ಮೂರು ಗಡ್ಡೆ ಹಾಕಿದಳು. ಎಲೆಯುತೇರಿಯೊ ಗಿರಾಕಿಯ ಚೀಲ ಅಗಲಿಸಿ ಹಿಡಿದ.

“ಅಕ್ಕಾ,” ಎಂದಿತು ಫೋನು. “ಬೆಳಿಗ್ಗೆಯಿಂದ ಒಂದು ನೊಣಾನೂ ಬಂದಿಲ್ಲ.”

ನಾಲ್ಕನೇ ಗಡ್ಡೆ ಅವಳ ಕೈಯಲ್ಲೇ ನಿಂತಿತು.

“ಬೇಗ ತೂಗಮ್ಮ,” ಎಂದಳು ಗಿರಾಕಿ. “ಬಸ್ ಬಂತು.”

“ಒಂದೇ ನಿಮಿಷ ತಾಯಿ.” ನಿಯೆವೆಸ್ ಗಡ್ಡೆ ಕೆಳಗಿಟ್ಟು ಫೋನೆತ್ತಿಕೊಂಡಳು. ಎಲೆಯುತೇರಿಯೊ ಅವಳ ಮಣಿಕಟ್ಟು ಹಿಡಿದ, ಕೊಸರಿಕೊಂಡಳು. “ಪಾಪ, ಇವಳಿಗಿನ್ನೂ ಬೋಣೀನೇ ಆಗಿಲ್ವಂತೆ. ನಿಮಗೆ ಗೊತ್ತಾಗಲ್ಲ ಬಿಡಿ, ನಾವು ಕೂತು ಮಾರೋರು. ಬಾಗಿಲಿಗೆ ಬಂದೋರು ಏನೂ ತಗೊಳ್ದೆ ಹಂಗೇ ಹೊರಟೋದ್ರೆ ಅಂಗಡಿಯೋಳ ಹೊಟ್ಟೆ ಎಷ್ಟು—” ಇಗರ್ಜಿಯಲ್ಲಿ ಹನ್ನೆರಡು ಹೊಡೆಯಿತು, ಗಿರಾಕಿ ಬರಿಗೈಯಲ್ಲಿ ಬಸ್ಸಿಗೆ ಓಡಿಯಾಗಿತ್ತು.