ಬಿಸಿಲಿನ ಆಟಿ

ಆಷಾಢ ಬೇರೆ, ಆಟಿ ಬೇರೆ ಎಂದು ತಿಳಿಯದ ಗಂಡಸನ್ನು ಮದುವೆಯಾದರೆ ಇದೇ ಗತಿ ಎಂದು ಕುಶಲಾ ಹಿರಿಯಡ್ಕದ ತವರುಮನೆಯ ಜಗಲಿಯಲ್ಲಿ ಕುಳಿತು ಹಲಸಿನ ಬೀಜ ಜಜ್ಜುತ್ತ ಗೊಣಗಿದಳು. ಬೀಜಗಳ ಮೇಲೆ ಬಿದ್ದ ಏಟುಗಳಲ್ಲಿ ಅರ್ಧದಷ್ಟು ನಿಜವಾಗಿ ಅವಳ ಗಂಡ ಸುಂದರನಿಗೆ ಸಲ್ಲಬೇಕಾದವು.

ಸುಂದರ ಕಾಪುವಿನವನು. ಕುವೈತಿನ ಮರುಭೂಮಿಯಲ್ಲಿ ಕೊಳವೆ ಜೋಡಿಸುವ ಕೆಲಸ ಅವನದು. ಎಂಬತ್ತೆರಡರ ಜನವರಿಯಲ್ಲಿ ಊರಿಗೆ ಬಂದು ಮದುವೆಯಾಗಿ, ಹೆಂಡತಿಯ ಮುಖ ಸರಿಯಾಗಿ ಪರಿಚಯವಾಗುವ ಮೊದಲೇ ಕಂಪೆನಿಯ ತಂತಿ ಬಂದು ವಿಮಾನ ಹತ್ತಿದ್ದ. ಅಲ್ಲಿ ಬೇಸಿಗೆ ನೆತ್ತಿಗೇರಿದರೆ ಕಬ್ಬಿಣ ಮುಟ್ಟಿದ ಕೈಯಲ್ಲಿ ಬೊಕ್ಕೆ ಏಳುತ್ತದಂತೆ. ಅದಕ್ಕಾಗಿ ಬೇಸಿಗೆಯಲ್ಲಿ ಕೆಲಸ ಕಡಿಮೆ ಮಾಡಿ, ಕೇಳಿದ ಹೊತ್ತಿಗೆ ಒಂದು ತಿಂಗಳ ರಜೆ ಕೊಡಲು ಕಂಪೆನಿ ಈ ಸಲ ಒಪ್ಪಿತ್ತು. ಇದು ಮುಗಿದರೆ ಮುಂದಿನ ರಜೆ ಎರಡು ವರ್ಷಗಳ ನಂತರ.

ಇತ್ತ ನಮ್ಮ ಕಡೆ ಮದುವೆಯಾದ ಮೊದಲ ವರ್ಷ, ಮಳೆ ಹುಚ್ಚೆದ್ದು ಸುರಿಯುವ ಆಟಿ ತಿಂಗಳಿಡೀ ಮದುಮಗಳು ತವರಿನಲ್ಲಿರಬೇಕು. ಅದಕ್ಕೆ ಆಟಿ ಕುಳಿತುಕೊಳ್ಳುವುದು ಎನ್ನುತ್ತಾರೆ. ಅವಳು ಗಂಡನ ಮನೆಗೆ ಹೋಗುವಂತಿಲ್ಲ, ಅವನು ಅವಳ ತವರಿನ ಹೊಸ್ತಿಲು ತುಳಿಯುವಂತಿಲ್ಲ. ಸುಂದರನಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದುದರಿಂದಲೇ ಎಡವಟ್ಟಾದದ್ದು. ಊರಿಗೆ ಬರುವವರೊಬ್ಬರ ಕೈಯಲ್ಲಿ ಅವನು ಕಳುಹಿಸಿದ ಕ್ಯಾಸೆಟ್ಟಿನಲ್ಲಿ ಅವನ ದನಿ ಬಲು ಹೆಮ್ಮೆಯಿಂದ ಹೇಳಿತ್ತು: "ಕುಶಲಾ, ನಾನು ತಲೆ ಓಡಿಸಿದ್ದೇನೆ. ಇಲ್ಲಿ ನಮ್ಮ ಕೋಣೆಯಲ್ಲಿ ಧಾರವಾಡದವರೊಬ್ಬರ ಕ್ಯಾಲೆಂಡರ್ ಉಂಟು. ಆಷಾಢ ಮುಗಿದ ಮರುದಿನವೇ ಹೊರಡುವ ಹಾಗೆ ರಜೆ ಕೇಳಿದ್ದೇನೆ. ಇನ್ನು ಆಟಿಯ ತಕರಾರೇ ಇಲ್ಲ!"

ಆಟಿ ಎಂದರೆ ಆಷಾಢ ಎಂದು ಶಾಲೆಯಲ್ಲಿ ಮಾಸ್ತರರು ಹೇಳಿಕೊಟ್ಟದ್ದನ್ನು ಪುಣ್ಯಾತ್ಮ ಮರೆತಿರಲಿಲ್ಲ. ಆದರೆ ಧಾರವಾಡದ ಆಷಾಢ ನಡೆಯುವುದು ಚಂದ್ರನ ಲೆಕ್ಕದಲ್ಲಿ, ತುಳುವರ ಆಟಿ ಸೂರ್ಯನ ಲೆಕ್ಕದಲ್ಲಿ. ಆ ವರ್ಷ ಆಷಾಢ ಮುಗಿಯುವಾಗ ಆಟಿ ಆಗಷ್ಟೇ ಕಣ್ಣು ಬಿಟ್ಟಿತ್ತು. ಕ್ಯಾಸೆಟ್ ಕೇಳಿದ ಸರಸಜ್ಜಿ, ಅಂದರೆ ಕುಶಲಾಳ ಅಮ್ಮನ ಅಮ್ಮ, ಬಾಯಿಯ ವೀಳ್ಯ ಮಡಿಲಿಗೆ ಬೀಳುವಷ್ಟು ನಕ್ಕಿದ್ದಳು. ನಕ್ಕು ಮುಗಿಸಿ, "ಕ್ರಮ ಅಂದರೆ ಕ್ರಮ" ಎಂದು ಸೆರಗು ಕೊಡವಿದ್ದಳು.

ನಿನ್ನೆ ಸುಂದರನ ತಂಗಿ ಬೇಬಿ ಕಾಪುವಿನಿಂದ ಬಂದು ಸುದ್ದಿ ಹೇಳಿದಳು. "ಅಣ್ಣ ಬಂದಿದ್ದಾನೆ ಅತ್ತಿಗೆ. ಮನೆಯೊಳಗೆ ಕೂರುವುದೇ ಇಲ್ಲ, ಮಳೆಯಲ್ಲಿ ನಿಂತುಕೊಂಡೇ ಇರ್ತಾನೆ. ಆಟಿ ಕಳೆದ ಮೇಲೆ ನಿಮ್ಮನ್ನು ಕರೆದುಕೊಂಡು ಬರಬೇಕಂತೆ. ಅಮ್ಮ ಹೇಳಿದ್ದಾರೆ."

"ಆಟಿ ಕಳೆಯುವಾಗ ಅವರ ರಜೆಯೂ ಕಳೀತದಲ್ಲ ಬೇಬಿ!" ಎಂದ ಕುಶಲಾಳಿಗೆ ಅಳು ತಡೆಯಲಾಗಲಿಲ್ಲ. ಗಂಡನ ದನಿಯನ್ನು ಟೇಪಿನ ಪೆಟ್ಟಿಗೆಯಲ್ಲಿ ಕೇಳಿ ಕೇಳಿ ಅವಳಿಗೆ ಸಾಕಾಗಿಹೋಗಿತ್ತು. ಇನ್ನೂ ಎರಡು ವರ್ಷ ಅದನ್ನೇ ಕೇಳುವುದೆಂದರೆ ಎದೆ ಒಡೆಯುವ ಮಾತು.

ಬೇಬಿ ಹೋದ ಮೇಲೆ ಅವಳು ಅಜ್ಜಿಯ ಮೇಲೆ ಎಗರಿದಳು. "ಯಾಕೆ ಈ ಕ್ರಮ? ಯಾರು ಮಾಡಿದ್ದು?"

"ಹೊಟ್ಟೆ ಮಾಡಿದ್ದು" ಎಂದಳು ಅಜ್ಜಿ. "ಆಟಿಯಲ್ಲಿ ಕಡಲಿಗೆ ದೋಣಿ ಇಳಿಯುವುದಿಲ್ಲ. ಗದ್ದೆಯಲ್ಲಿ ನೆಟ್ಟದ್ದು ಇನ್ನೂ ಹುಲ್ಲು. ಕಣಜ ಖಾಲಿ. ಹೊಸಬಳು ಗಂಡನ ಮನೆಯಲ್ಲಿ ಬಾಯಿಬಿಟ್ಟು ಇನ್ನೊಂದು ಸೌಟು ಗಂಜಿ ಕೇಳ್ತಾಳಾ? ಹಸಿದುಕೊಂಡು ಬಿದ್ದಿರ್ತಾಳೆ. ಅದಕ್ಕೇ ತವರಿಗೆ ಕರೆಯುವುದು."

"ಈಗ ಪೇಟೆಯಲ್ಲಿ ರೇಶನ್ ಅಂಗಡಿ ಉಂಟು ಅಜ್ಜಿ."

"ಅಂಗಡಿ ಉಂಟು ಅಂತ ಮಳೆ ಬಿಡ್ತದಾ?" ಎಂದು ಅಜ್ಜಿ ಉಪ್ಪುನೀರಿನ ಭರಣಿಯಿಂದ ಹಲಸಿನ ಸೊಳೆ ತೆಗೆಯಲು ಒಳಗೆ ಹೋದಳು. ಸೊಳೆ ಬೇಸಿಗೆಯಲ್ಲೇ ಭರಣಿ ಸೇರಿತ್ತು. ಅಟ್ಟದಲ್ಲಿ ಒಣಮೀನು, ಒಲೆಯ ಮೇಲಿನ ಹೊಗೆಯಲ್ಲಿ ಹುಣಿಸೆ, ಬೇಲಿಯ ಬದಿಯಲ್ಲಿ ತಾನೇ ಹುಟ್ಟಿದ ಚಗಟೆ ಸೊಪ್ಪು. ಆ ಮನೆಯಲ್ಲಿ ಆಟಿಗೆ ಹೆದರುವವರು ಯಾರೂ ಇರಲಿಲ್ಲ.

ಇವತ್ತು ಮಧ್ಯಾಹ್ನ ಗೇಟಿನ ಆಚೆ ಯಾರೋ ಕೂಗಿದರು. ಕುಶಲಾ ಓಡಿ ಬಂದು ಕಂಬದ ಮರೆಗೆ ನಿಂತಳು. ಸುಂದರ! ಫಾರಿನ್ನಿನ ಮಡಚುವ ಕೊಡೆಯನ್ನು ಕಂಕುಳಲ್ಲಿ ಭದ್ರವಾಗಿ ಇಟ್ಟುಕೊಂಡು, ಬರಿತಲೆಯಲ್ಲಿ, ಸುರಿಯುವ ಮಳೆಗೆ ಮುಖವೊಡ್ಡಿ ನಗುತ್ತಿದ್ದ. ಆದರೆ ಮೈಕೈಯೆಲ್ಲ ಕರಟಿ, ಕೆನ್ನೆ ಒಳಗೆ ಹೋಗಿತ್ತು. ಅವಳ ಸಿಟ್ಟೆಲ್ಲ ಇಳಿದುಹೋಯಿತು.

"ನಾನು ಒಳಗೆ ಬರುವುದಿಲ್ಲ ಅಜ್ಜಿ!" ಎಂದು ಜಗಲಿಗೆ ಬಂದ ಅಜ್ಜಿಗೆ ಅವನೇ ಮೊದಲು ಹೇಳಿದ. "ಹೊರಗೆ ನಿಲ್ಲಲಿಕ್ಕೆ ಆಟಿಯ ಅಡ್ಡಿ ಇಲ್ಲ ಅಲ್ವಾ?"

"ಎಂತ ಮಾರಾಯ, ಕೊಡೆ ಬಿಡಿಸಲಿಕ್ಕೆ ಮರೆತುಹೋಯಿತಾ?"

"ಮೂರು ವರ್ಷ ಆಯಿತು ಅಜ್ಜಿ, ಮಳೆ ನೋಡದೆ. ಕೊಡೆ ಯಾರಿಗೆ ಬೇಕು?"

ಅಜ್ಜಿ ಮುಖ ಬಿಗಿಹಿಡಿದಿದ್ದಳು. ಆದರೆ ಕಥೆ ಕೇಳುವ ಚಪಲ ಅವಳ ದೊಡ್ಡ ದೌರ್ಬಲ್ಯ ಎಂಬುದು ಕುಶಲಾಳಿಗೆ ಗೊತ್ತು. ಅವಳು ಮೆಲ್ಲಗೆ, "ಆ ಬಿಸಿಲಿನಲ್ಲಿ ಅಲ್ಲಿನವರು ಹೇಗೆ ಬದುಕುತ್ತಾರೋ, ಕೇಳಿ ಅಜ್ಜಿ" ಎಂದಳು. ಅಜ್ಜಿ ಕೇಳಿಯೇಬಿಟ್ಟಳು.

ಸುಂದರ ಗೇಟಿನ ಆಚೆಯಿಂದಲೇ ಶುರುಮಾಡಿದ. ಮಳೆಯ ಸದ್ದಿಗೆ ಅವನು ಕಿರಿಚಬೇಕಾಯಿತು, ಅಜ್ಜಿ ಕಿವಿಗೆ ಕೈ ಹಿಡಿಯಬೇಕಾಯಿತು. "ನಮ್ಮ ಮುದಿ ಮೇಸ್ತ್ರಿ ಒಬ್ಬರಿದ್ದಾರೆ ಅಜ್ಜಿ. ಅಲ್ಲಿಯವರೇ, ಡೇರೆಯಲ್ಲೇ ಹುಟ್ಟಿದವರು. ಅವರ ಅಪ್ಪನ ಕಾಲದಲ್ಲಿ ಚಳಿಗಾಲವೆಲ್ಲ ಒಂಟೆ ಹೊಡೆದುಕೊಂಡು ತಿರುಗುವುದಂತೆ. ಬಿಸಿಲು ಏರಿತೋ, ಎಲ್ಲ ಬಾವಿಯ ಹತ್ತಿರ ಬಂದು ಕೂರುವುದು. ಒಣಗಿಸಿಟ್ಟ ಖರ್ಜೂರ, ಒಂಟೆಯ ಹಾಲು, ಅಷ್ಟೇ. ಬಿಸಿಲು ಇಳಿಯುವವರೆಗೆ ಅಲ್ಲಾಡುವ ಹಾಗಿಲ್ಲ. ಅವರೂ ಆಟಿ ಕೂರ್ತಾರೆ ಅಜ್ಜಿ. ಬಿಸಿಲಿನ ಆಟಿ!"

"ಹೌದಾ!" ಅಜ್ಜಿ ಜಗಲಿಯ ಅಂಚಿಗೆ ಸರಿದಳು. "ಆಗ ಹೊರಗಿನವ ಯಾರಾದರೂ ಬಂದರೆ?"

"ಮೊದಲು ನೀರು, ಆಮೇಲೆ ಊಟ. ಮೂರು ದಿನ ನೀನು ಯಾರು, ಯಾಕೆ ಬಂದೆ ಅಂತ ಕೇಳುವ ಹಾಗೇ ಇಲ್ಲವಂತೆ. ಹಗೆಯಾದರೂ ಅಷ್ಟೇ. ಇವತ್ತು ಕಳುಹಿಸಿದರೆ ಅವ ದಾರಿಯಲ್ಲಿ ಸಾಯ್ತಾನೆ, ನಾಳೆ ನಮ್ಮದೂ ಅದೇ ದಾರಿ ಅಂತ ಹೇಳ್ತಾರೆ ಮೇಸ್ತ್ರಿ."

ಅಜ್ಜಿ ನೀರು ತೊಟ್ಟಿಕ್ಕುತ್ತಿದ್ದ ಅವನ ಮೂಳೆ ಮೂಳೆ ಭುಜಗಳನ್ನು ನೋಡಿದಳು. ನೀರಿಲ್ಲದ ಮರಳುಗಾಡಿನಲ್ಲಿ ಹಗೆಗೂ ಊಟ, ನೀರು ಉಕ್ಕಿ ಹರಿಯುವ ತನ್ನ ಅಂಗಳದಲ್ಲಿ ಮೊಮ್ಮಗಳ ಗಂಡ ಗೇಟಿನ ಆಚೆ. ಅವಳಿಗೆ ಎಲ್ಲೋ ಚುಚ್ಚಿತು.

"ಮೂರೇ ದಿನವಾ?" ಎಂದು ಥಟ್ಟನೆ ಕೇಳಿದಳು. "ಎಂಥ ಜಿಪುಣರು ಮಾರಾಯ! ನಮ್ಮ ಮನೆಯಲ್ಲಿ ಆಟಿ ಮುಗಿಯುವವರೆಗೆ ಕೊಡ್ತೇವೆ ಅಂತ ಹೇಳು ನಿನ್ನ ಮೇಸ್ತ್ರಿಗೆ. ರತ್ನಾವತೀ, ಗಂಜಿಗೆ ಇನ್ನೊಂದು ಪಾವು ಅಕ್ಕಿ ಹಾಕು!"

ಕುಶಲಾಳ ಅಮ್ಮ ರತ್ನಾವತಿ ಅಡುಗೆಮನೆಯಿಂದ ಗಾಬರಿಯಾಗಿ ಬಂದಳು. "ಅಮ್ಮಾ, ಆಟಿಯಲ್ಲಿ ಅಳಿಯ ಹೊಸ್ತಿಲು ದಾಟಿದರೆ ಜನ ಎಂತ ಹೇಳಿಯಾರು?"

"ಎಲ್ಲಿ ಅಳಿಯ? ನನಗೆ ಕಾಣುವುದಿಲ್ಲ" ಎಂದಳು ಅಜ್ಜಿ. "ದೂರದ ಬಿಸಿಲಿನಿಂದ ಹಸಿದು ಬಂದವನೊಬ್ಬ ನಿಂತಿದ್ದಾನೆ. ಅವನೂ ಇಲ್ಲೇ ಆಟಿ ಕೂರಲಿ. ಅವ ಯಾರು ಅಂತ ಆಟಿ ಮುಗಿದ ಮೇಲೆ ಕೇಳುವ."

ಸುಂದರ ಗೇಟಿನ ಮೇಲೆ ಕೈ ಇಟ್ಟವನು ಹಾಗೇ ನಿಂತ. ಒಳಗೆ ಬರಲು ಆಸೆ, ಕಾಲಿಗೆ ಅಳುಕು. ಕುಶಲಾ ಕಂಬದ ಮರೆಯಿಂದ ಹೊರಗೆ ಬಂದಳು. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಎತ್ತಬಾರದು, ಸರಿ. ಆದರೆ ಅಜ್ಜಿಯ ಲೆಕ್ಕದಲ್ಲಿ ಇವನು ಈ ಮನೆಯ ಅಳಿಯನಲ್ಲ ಎಂದಾದರೆ ತನಗೆ ಗಂಡನೂ ಅಲ್ಲವಲ್ಲ!

"ಸುಂದರಾ!" ಎಂದು ಅವಳು ಮಳೆಯನ್ನೂ ಮೀರಿ ಕೂಗಿದಳು. "ಬಾ, ಒಳಗೆ ಬಾ!"

ರತ್ನಾವತಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಜ್ಜಿ ಕಿವಿ ಕೇಳಿಸದವಳ ಹಾಗೆ ಅಂಗಳದ ಕಡೆಗೇ ನೋಡುತ್ತ ಕುಳಿತಳು. ಸುಂದರ ಗೇಟು ತೆಗೆಯುವುದನ್ನೂ ಮರೆತು ಅದರ ಮೇಲಿಂದಲೇ ಹಾರಿದ.